ಬೋಟ್ ನಡೆಸೋರಿಗೆ ಸುರಕ್ಷತಾ ತರಬೇತಿ ಕಡ್ಡಾಯ ಆಗ್ಬೇಕಾ ಬ್ಯಾಡಾ? ನಿಮ್ಮ ಅಭಿಪ್ರಾಯ ಹೇಳ್ರಿ

ಹಾವೇರಿ_ಮಾಸ್ತರ್:
ಎಲ್ಲರಿಗೂ ನಮಸ್ಕಾರ್ರೀ. ಸ್ವಲ್ಪ ಉದ್ದ ಆಗ್ತದ, ದಯವಿಟ್ಟು ಪೂರ್ತಿ ಓದ್ರಿ. ಹೋದ ವಾರ ಸೂಟಿ ಇತ್ತಂತ ಮನಿ ಮಂದಿ ಎಲ್ಲಾ ಸೇರಿ 11 ಜನ ಉತ್ತರ ಕನ್ನಡದ ಕಡಲ ಕಡೆ ಹೋಗಿದ್ವಿ. ಊರಿನ ಹೆಸರು ಬರಿಯೂದಿಲ್ಲ, ಒಬ್ಬರ ಹೊಟ್ಟಿ ಮ್ಯಾಲೆ ಹೊಡಿಯೂ ಉದ್ದೇಶ ನನಗಿಲ್ಲ. ಹೊಳಿ ಸಮುದ್ರಕ್ಕ ಸೇರೂ ಜಾಗದಾಗ, ಅದಕ್ಕ ಅಳಿವಿ ಅಂತಾರ, ಬೋಟಿಂಗ್ ಮಾಡಸ್ತಾರ, ಹುಡುಗರು ಹಟ ಹಿಡದ್ವು, ಹತ್ತಿದ್ವಿ. ನಮ್ಮ ಜೊತಿ ಬ್ಯಾರೆ ಮಂದಿನೂ ಹತ್ತಿಸಿದ್ರು. ನಾನು ಎಣಸಿದಾಗ 23 ತಲಿ. ಬೋಟಿನಾಗ ಎಷ್ಟು ಮಂದಿ ಕೂಡಬೇಕು ಅಂತ ಎಲ್ಲೂ ಬರದಿರಲಿಲ್ಲ. ಲೈಫ್ ಜಾಕೆಟ್ ಇದ್ವು, ಇಲ್ಲ ಅನ್ನೂದಿಲ್ಲ, ಆದ್ರ ಎಲ್ಲಾ ಒಂದು ಹಗ್ಗದಾಗ ಕಟ್ಟಿ ಸೀಟಿನ ಕೆಳಗ ತುರುಕಿದ್ರು. ಕೇಳಿದ್ರ "ಹತ್ತು ನಿಮಿಷದ ದಾರಿ ಸರ್, ಬೇಕಾಗಲ್ಲ" ಅಂದ ಬೋಟ್ ನಡಸೂ ಹುಡುಗ. ವಯಸ್ಸು 18 ಆಗಿತ್ತೋ ಇಲ್ಲೋ.

ಅಳಿವಿ ಹತ್ರ ಹೋದಾಗ ಇಂಜಿನ್ ಬಂದ್ ಬಿತ್ತು. ನೀರಿನೊಳಗ ತಿರಗೂ ಇಂಜಿನ್ ಫ್ಯಾನಿಗೆ ಹಳೇ ಮೀನಿನ ಬಲಿ ಸುತ್ತಿಕೊಂಡಿತ್ತು ಅಂತ ಆಮ್ಯಾಲೆ ಗೊತ್ತಾತು. ಬೋಟು ತಿರುಗಿ ತೆರಿಗೆ ಅಡ್ಡ ನಿಂತ್ಕೊಂಡ್ತು, ಒಂದು ತೆರಿ ಪಕ್ಕದಿಂದ ಹೊಡದು ನೀರು ಒಳಗ ಬಂತು, ಎಲ್ಲಾರೂ ಒಮ್ಮೆಲೇ ಎದ್ದು ನಿಂತ್ರು, ನಮ್ಮವ್ವ ಮೊಮ್ಮಗಳನ್ನ ಎದಿಗೆ ಅವಚಿಕೊಂಡು ಕಣ್ಣ ಮುಚ್ಚಿಬಿಟ್ಲು. ಆ ಹುಡುಗ ದಾರ ಜಗ್ಗಿ ಜಗ್ಗಿ ಇಂಜಿನ್ ಚಾಲೂ ಮಾಡಾಕ ನೋಡಾಕತ್ತಿದ್ದ, ಕೂಡ್ರಿ ಅಂತ ಒಂದು ಮಾತು ಹೇಳಲಿಲ್ಲ. ಜಾಕೆಟ್ ಗಂಟು ಬಿಚ್ಚಾಕ ನಾನು ಹೋದ್ರ ಅದು ಬಿಚ್ಚಲೇ ಇಲ್ಲ. ಇನ್ನೊಂದು ಬೋಟಿನವರು ಹಗ್ಗ ಒಗದು ಎಳಕೊಂಡು ಬಂದ್ರು, ಬದುಕಿದ್ವಿ.

ದಂಡಿಗೆ ಬಂದ ಮ್ಯಾಲೆ ಸಿಟ್ಟಿನಾಗ ಅವನಿಗೆ ಬೈಯಾಕ ಹೋದೆ. ಅವನ ಕೈ ನಡಗಾಕತ್ತಿದ್ವು. "ಕೆಲಸಕ್ಕ ಸೇರಿ ಎರಡು ತಿಂಗಳಾತು ಸರ್, ಹಿಂಗಾದ್ರ ಏನು ಮಾಡಬೇಕಂತ ನನಗ ಯಾರೂ ಹೇಳಿಕೊಟ್ಟಿಲ್ಲ" ಅಂದ. ಬೈಗುಳ ಬಾಯಾಗೇ ಉಳೀತು.

2019ರ ಜನವರಿ 21ಕ್ಕ ಕಾರವಾರದ ಕೂರ್ಮಗಡ ಜಾತ್ರಿಯಿಂದ ವಾಪಸ್ ಬರೂ ಬೋಟ್ ಮುಳುಗಿ 16 ಮಂದಿ ಹೋದ್ರಲ್ಲ, ಅದರಾಗ ನಮ್ಮ ಜಿಲ್ಲಾದವರೂ ಇದ್ರು. ಆ ದಿನ ಇಲ್ಲಿ ಹೆಂಗಿತ್ತು ಅಂತ ನಾನು ನೋಡೀನಿ. ಅದಕ್ಕ ಕೇಳ್ತೀನಿ, ಸ್ಕೂಟಿ ಹೊಡಿಯಾಕ ಎಂಟು ಹಾಕಿ ತೋರಿಸಬೇಕು, ಲೈಸೆನ್ಸ್ ತಗೋಬೇಕು. 23 ಜೀವ ಕೈಯಾಗ ಹಿಡಕೊಂಡು ನೀರಿನ ಮ್ಯಾಲೆ ಹೋಗೂ ಹುಡುಗನಿಗೆ ಒಂದು ದಿನದ ತರಬೇತಿನೂ ಬ್ಯಾಡೇನು?

ಬೆಂಗ್ಳೂರು_ಬೆಳಗು:
ಕಡ್ಡಾಯ ಆಗ್ಲೇಬೇಕು. ಇದ್ರಲ್ಲಿ ಚರ್ಚೆ ಮಾಡೋದೇನಿದೆ? ನಿಮ್ಮ ಮನೆಯವರೆಲ್ಲ ಕ್ಷೇಮವಾಗಿ ಬಂದ್ರಲ್ಲ, ಅದೇ ದೊಡ್ಡದು ಸರ್.

ಗಂಗೊಳ್ಳಿ_ಅಳಿವೆ:
ಮಾಸ್ಟ್ರೆ ನಿಮಗೆ ಆದದ್ದಕ್ಕೆ ಬೇಜಾರಿತ್. ಆದ್ರೆ ಒಂದ್ ವಿಷ್ಯ ಹೇಳ್ತೆ, ಸಿಟ್ಟ್ ಮಾಡ್ಕಂಬೇಡಿ. ನಮ್ಮ ಅಪ್ಪಯ್ಯ 12 ವರ್ಷಕ್ಕೆ ಕಡ್ಲಿಗೆ ಹೋಪುಕೆ ಶುರು ಮಾಡಿದ್ರ್. ಕಲ್ಸಿದ್ದ್ ಯಾರ್? ಅಜ್ಜ. ನೀರಿನ ಬಣ್ಣ ಕಂಡ್ರೆ ಅಡಿಯಲ್ಲಿ ಮರಳಾ ಕಲ್ಲಾ ಹೇಳ್ತ್ರ್, ಗಾಳಿ ತಿರುಗಿದ್ ಕೆನ್ನೆಗೆ ಗೊತ್ತಾತ್ತ್. ಅಳಿವೆ ದಾಟುಕೆ ಮೊದ್ಲು ಬೋಟ್ ನಿಲ್ಸಿ ತೆರೆ ಲೆಕ್ಕ ಮಾಡ್ತ್ರ್, ದೊಡ್ಡ ತೆರೆ ಎಲ್ಲ ಹೋದ ಮೇಲೆ ಒಂಚೂರು ಸಮ ಆತ್ತ್, ಆಗ ಇಂಜಿನ್ ಫುಲ್ ಕೊಟ್ಟ್ ದಾಟ್ಸುದ್. ಇದನ್ನ ಯಾವ ಆಫೀಸರ್ ಪುಸ್ತಕದಲ್ಲಿ ಬರೀತಾ? ಈಗ ಯಾರೋ ಎಸಿ ರೂಮಲ್ಲಿ ಕೂತವ ಬಂದ್ ಬೋಟ್ ನಡೆಸುವ ನಮ್ಮ ತಾಂಡೇಲರಿಗೆ ಕಡ್ಲಿನ ಪಾಠ ಮಾಡುದಂದ್ರೆ ನಂಗಂತೂ ಒಪ್ಪುಕೆ ಆತಿಲ್ಲೆ. ಆ ಹುಡ್ಗ ನಮ್ಮವ ಅಲ್ಲ, ಎಲ್ಲಿಂದಲೋ ಕಡಿಮೆ ಸಂಬಳಕ್ಕೆ ಕರ್ಕಂಬಂದದ್ದ್. ತಪ್ಪ್ ಮಾಲಕಂದ್.

ಹಾವೇರಿ_ಮಾಸ್ತರ್:
ಅಣ್ಣಾ ಸಿಟ್ಟ್ಯಾಕ ಬರ್ತದ, ನೀವು ಹೇಳಿದ್ದು ಖರೇನ ಐತಿ. ನಿಮ್ಮ ತಂದಿಯವರಂಥವರು ನಡಸೂ ಬೋಟಿನಾಗ ನಾ ಕಣ್ಣ ಮುಚ್ಚಿ ಕೂಡ್ತೀನಿ. ಆದ್ರ ಪ್ರವಾಸಿಗರಿಗೆ ಯಾರು ಅಜ್ಜನ ಹತ್ರ ಕಲಿತವರು, ಯಾರು ಎರಡು ತಿಂಗಳಿನವರು ಅಂತ ಹೆಂಗ ಗೊತ್ತಾಗಬೇಕು?

ಬಂದರು_ಇಂಜಿನಿಯರ್:
ಮಂಗಳೂರಿನವ, ಹಡಗಿನ ಇಂಜಿನ್ ಕೆಲಸದಲ್ಲಿ 14 ವರ್ಷ ಇದ್ದೆ. ಕೆಲವರಿಗೆ ಗೊತ್ತಿರ್ಲಿಕ್ಕಿಲ್ಲ, ಕಾನೂನು ಇಲ್ಲ ಅಂತಲ್ಲ ಮಾರಾಯ್ರೆ, ಉಂಟು. ಮೊದಲು 1917ರ ಬ್ರಿಟಿಷರ ಕಾಲದ ಕಾಯ್ದೆ ಇತ್ತು, ಅದನ್ನು ತೆಗೆದು 2021ರಲ್ಲಿ ಒಳನಾಡು ಹಡಗುಗಳ ಕಾಯ್ದೆ ಅಂತ ಹೊಸದು ಮಾಡಿದ್ರು. ಇಂಜಿನ್ ಇರುವ ದೋಣಿಗೆ ಸರ್ವೆ ಆಗ್ಬೇಕು, ನೋಂದಣಿ ಆಗ್ಬೇಕು, ವಿಮೆ ಬೇಕು, ನಡೆಸುವವನಿಗೆ ಸಾಮರ್ಥ್ಯ ಪತ್ರ ಬೇಕು. ಸೆರಾಂಗ್, ಮಾಸ್ಟರ್, ಇಂಜಿನ್ ಡ್ರೈವರ್ ಅಂತ ದರ್ಜೆ ಉಂಟು. ಅಳಿವೆ ದಾಟಿ ಸಮುದ್ರಕ್ಕೆ ಹೋಗುವ ಪ್ರವಾಸಿ ಬೋಟಿಗೆ ಬಂದರು ಇಲಾಖೆಯ ಪರವಾನಗಿ ಬೇಕು. ಅಂದ್ರೆ ಮಾಸ್ಟ್ರು ಕೇಳಿದ "ಕಡ್ಡಾಯ ಮಾಡ್ಬೇಕಾ" ಅನ್ನುವ ಪ್ರಶ್ನೆಗೆ ಕಾಗದದ ಮೇಲೆ ಉತ್ತರ ಆಗಲೇ ಉಂಟು. ಆ ಕಾಗದ ನೀರಿನವರೆಗೆ ಬರ್ಲಿಲ್ಲ, ಅದೇ ಸಮಸ್ಯೆ.

ಇನ್ನೊಂದು. ನಿಮ್ಮ ಬೋಟ್ ಅಡ್ಡ ನಿಂತದ್ದು ಯಾಕೆ ಅಂದ್ರೆ ಇಂಜಿನ್ ನಿಂತ ಬೋಟನ್ನು ಗಾಳಿ ಮತ್ತು ತೆರೆ ಸೇರಿ ಹಾಗೇ ತಿರುಗಿಸಿ ಬಿಡ್ತದೆ. ಆಗ ಮೊದಲ ಕೆಲಸ ಇಂಜಿನ್ ರಿಪೇರಿ ಅಲ್ಲ, ಮುಂಭಾಗದಿಂದ ಲಂಗರು ಬಿಡುವುದು. ಲಂಗರು ಹಿಡಿದರೆ ಮೂತಿ ತಾನೇ ತೆರೆಯ ಕಡೆಗೆ ತಿರುಗ್ತದೆ, ತೆರೆ ಎರಡಾಗಿ ಸೀಳಿಕೊಂಡು ಹೋಗ್ತದೆ. ಎರಡನೇ ಕೆಲಸ ಎಲ್ಲರನ್ನೂ ಕೂರಿಸುವುದು. ಇದನ್ನು ಕಲಿಸ್ಲಿಕ್ಕೆ ಅರ್ಧ ಗಂಟೆ ಸಾಕು. ಆ ಹುಡುಗನಿಗೆ ಆ ಅರ್ಧ ಗಂಟೆ ಯಾರೂ ಕೊಡ್ಲಿಲ್ಲ, ಓದಿ ನನಗೆ ಹೊಟ್ಟೆ ಉರೀತು.

ಹಾವೇರಿ_ಮಾಸ್ತರ್:
ಲಂಗರು ಬೋಟಿನಾಗೇ ಬಿದ್ದಿತ್ತ್ರೀ. ನಮ್ಮ ಮಗ ಅದರ ಮ್ಯಾಲೆ ಕಾಲಿಟ್ಟು ಕೂತಿದ್ದ.

ಶರಾವತಿ_ಹಿನ್ನೀರು:
ಇದನ್ನ ಓದ್ತಾ ನಂಗೆ ನಮ್ಮ ಸಿಗಂದೂರು ಲಾಂಚ್ ನೆನಪಾಯ್ತು. ಲಿಂಗನಮಕ್ಕಿ ಡ್ಯಾಮಿನ ನೀರು ನಿಂತ ಮೇಲೆ ನಮ್ಮ ತುಮರಿ ಕಡೆಯವರು ದ್ವೀಪದವರ ಹಾಗೆ ಆಗಿಬಿಟ್ವಲ್ಲ, ಆಸ್ಪತ್ರೆ ಕಾಲೇಜು ಸಾಗರದ ಸಂತೆ ಎಲ್ಲಕ್ಕೂ ಲಾಂಚೇ ಗತಿ. ಬಸ್ಸು ಜೀಪು ಬೈಕು ಜನ ಎಲ್ಲ ಒಟ್ಟಿಗೆ. ಜಾತ್ರೆ ದಿನ ಎಷ್ಟೇ ಗಲಾಟೆ ಮಾಡಿದ್ರೂ ಲಾಂಚಿನ ಸಿಬ್ಬಂದಿ ಇನ್ನೊಂದು ಗಾಡಿ ಹತ್ತಿಸ್ತಿರ್ಲಿಲ್ಲ, ಬೈಸ್ಕೊಳ್ತಿದ್ರು, ಆದ್ರೂ ಹತ್ತಿಸ್ತಿರ್ಲಿಲ್ಲ. ಬೇಸಿಗೆಯಲ್ಲಿ ನೀರು ಇಳಿದ್ರೆ ಗಾಡಿ ಬಂದ್, ಬರೀ ಜನ. ಆಗ ನಾವೂ ಬೈತಿದ್ವಿ. ಅವ್ರಿಗೆ ಸರ್ಕಾರದ ಸಂಬಳ, ಒಂದು ಗಾಡಿ ಬಿಟ್ರೆ ಕಳ್ಕೊಳ್ಳೋದು ಏನೂ ಇರ್ಲಿಲ್ಲ, ಹಾಗಾಗಿ ಬೇಡ ಅನ್ನೋ ಧೈರ್ಯ ಇತ್ತು ಅಂತ ಈಗ ಅನ್ಸುತ್ತೆ. 2025ರ ಜುಲೈ 14ಕ್ಕೆ ಸೇತುವೆ ಆಯ್ತು, ಈಗ ಕಾರಲ್ಲಿ ಭುರ್ರ್ ಅಂತ ದಾಟಿಬಿಡ್ತೀವಿ.

ತೀರ್ಥಹಳ್ಳಿ_ಮಳೆ:
ಸೇತುವೆ ಮೇಲೆ ನಿಂತು ರೀಲ್ಸ್ ಮಾಡೋರ ಕಾಟ ಕಮ್ಮಿ ಆಯ್ತಾ ಈಗ? ನಾನು ಹೋದಾಗ ನಡುರಸ್ತೇಲಿ ಕಾರು ನಿಲ್ಲಿಸಿದ್ರು.

ಶರಾವತಿ_ಹಿನ್ನೀರು:
ಎಲ್ಲಿ ಕಮ್ಮಿ! ಆದ್ರೂ ರಾತ್ರಿ ಹೆರಿಗೆ ನೋವು ಬಂದ್ರೆ ಬೆಳಗಿನ ಲಾಂಚಿಗೆ ಕಾಯೋದು ತಪ್ತಲ್ಲ, ಅದು ಸಾಕು ನಮಗೆ.

ಬೆಂಗ್ಳೂರು_ಬೆಳಗು:
ವಿಷಯಕ್ಕೆ ಬರೋಣ್ವಾ 🙏 ನನ್ನ ಅನುಮಾನ ಏನಂದ್ರೆ, ಕಡ್ಡಾಯ ಮಾಡಿದ ದಿನವೇ ಸರ್ಟಿಫಿಕೇಟ್ ಮಾರೋ ಅಂಗಡಿ ಶುರುವಾಗುತ್ತೆ. ಗಾಡಿ ಲೈಸೆನ್ಸ್ ಕಥೆ ಗೊತ್ತಲ್ಲ, ಏಜೆಂಟ್ ಕೈಗೆ ದುಡ್ಡು ಕೊಟ್ಟು ಸುಮ್ನೆ ಫೋಟೋ ತೆಗೆಸ್ಕೊಂಡು ಬಂದೋರು ಎಷ್ಟು ಜನ ಇಲ್ಲ. ಇದೂ ಅದೇ ಆದ್ರೆ ಏನು ಪ್ರಯೋಜನ?

ಟೊರೊಂಟೊ_ಕನ್ನಡತಿ:
ನಾನು ಕೆನಡಾದಲ್ಲಿ 9 ವರ್ಷದಿಂದ ಇದ್ದೀನಿ, ಇಲ್ಲಿಯದು ಹೇಳ್ತೀನಿ. ಇಲ್ಲಿ ಕೆರೆಗಳು ಲೆಕ್ಕ ಇಲ್ಲ, ಬೇಸಿಗೆ ಬಂದ್ರೆ ಎಲ್ಲರಿಗೂ ಬೋಟ್ ಹುಚ್ಚು. ಮೋಟಾರ್ ಇರೋ ಮೋಜಿನ ಬೋಟ್ ನಡೆಸೋ ಪ್ರತಿಯೊಬ್ಬರ ಹತ್ರನೂ ಬೋಟ್ ನಡೆಸೋದು ಗೊತ್ತು ಅಂತ ತೋರಿಸೋ ಕಾರ್ಡ್ ಇರ್ಲೇಬೇಕು. 1999ರಲ್ಲಿ ನಿಯಮ ತಂದ್ರು, ಹಂತ ಹಂತವಾಗಿ ವಯಸ್ಸಿನ ಪ್ರಕಾರ ಜಾರಿ ಮಾಡ್ತಾ ಬಂದು 2009ರ ಸೆಪ್ಟೆಂಬರ್‌ನಿಂದ ಎಲ್ಲರಿಗೂ ಕಡ್ಡಾಯ ಆಯ್ತು. ಹತ್ತು ವರ್ಷ ಟೈಮ್ ಕೊಟ್ರು ಅನ್ನೋದು ಗಮನಿಸಿ, ಒಂದೇ ರಾತ್ರಿಲಿ ತಂದು ಬಡವರ ಬೋಟ್ ಹಿಡ್ಕೊಂಡು ಹೋಗ್ಲಿಲ್ಲ. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲೂ ಹೀಗೇ ವಯಸ್ಸಿನ ಪ್ರಕಾರ ತರ್ತಾ ಬಂದು 2025ರ ಜನವರಿ 1ರಿಂದ ಎಲ್ಲರಿಗೂ ಮಾಡಿದ್ದಾರೆ. ಅಮೆರಿಕದ ಕೋಸ್ಟ್ ಗಾರ್ಡ್ ವರ್ಷ ವರ್ಷ ಲೆಕ್ಕ ಹಾಕಿ ಪ್ರಕಟಿಸುತ್ತೆ. 2022ರ ಲೆಕ್ಕದಲ್ಲಿ ಮೋಜಿನ ಬೋಟ್ ಅಪಘಾತಗಳಲ್ಲಿ 636 ಜನ ಸತ್ತಿದ್ರು, ನಡೆಸೋನು ತರಬೇತಿ ತಗೊಂಡಿದ್ನಾ ಇಲ್ವಾ ಅಂತ ಗೊತ್ತಾದ ಸಾವುಗಳಲ್ಲಿ 74% ತರಬೇತಿ ಇಲ್ಲದವರು ನಡೆಸ್ತಿದ್ದ ಬೋಟುಗಳಲ್ಲೇ ಆಗಿದ್ದು. ಮುಳುಗಿ ಸತ್ತವರಲ್ಲಿ 85% ಜನ ಜಾಕೆಟ್ ಹಾಕಿರ್ಲಿಲ್ಲ.

ಆದ್ರೆ ನಿಜ ಹೇಳ್ಬೇಕು. ಇಲ್ಲಿಯ ಪರೀಕ್ಷೆ ಮನೇಲಿ ಕೂತು ಕಂಪ್ಯೂಟರ್‌ನಲ್ಲಿ ಬರೀಬಹುದು. ನಾನು ಪಾಸಾದೆ, ಕಾರ್ಡ್ ಬಂತು, ಆ ದಿನದವರೆಗೂ ಒಂದು ಸಲಾನೂ ಬೋಟಿನ ಸ್ಟೇರಿಂಗ್ ಮುಟ್ಟಿರ್ಲಿಲ್ಲ. ಎದುರಿಂದ ಬೋಟ್ ಬಂದ್ರೆ ಇಬ್ಬರೂ ಬಲಕ್ಕೆ ತಿರುಗಬೇಕು, ಬಲಗಡೆಯಿಂದ ಅಡ್ಡ ಬರೋ ಬೋಟಿಗೆ ನಾವು ದಾರಿ ಬಿಡ್ಬೇಕು, ಎಡಕ್ಕೆ ಕೆಂಪು ದೀಪ ಬಲಕ್ಕೆ ಹಸಿರು, ಎಲ್ಲ ಬಾಯಿಪಾಠ. ಮೊದಲ ಸಲ ಗಾಳಿಯಲ್ಲಿ ಬೋಟನ್ನ ದಕ್ಕೆಗೆ ತರೋವಾಗ ಅದ್ಯಾವುದೂ ನೆನಪಿಗೆ ಬರ್ಲಿಲ್ಲ, ಪಕ್ಕದ ಮನೆ ಅಜ್ಜ ಬಂದು ಹಿಡಿದ್ರು.

ಗಂಗೊಳ್ಳಿ_ಅಳಿವೆ:
ಕಂಡ್ರ್ಯಾ? ಕೊನೆಗೆ ಅಜ್ಜನೇ ಬರ್ಕಾಯ್ತ್.

ಟೊರೊಂಟೊ_ಕನ್ನಡತಿ:
ಹೌದು ಅಣ್ಣ, ಆದ್ರೆ ಅಜ್ಜನ ಹತ್ರನೂ ಕಾರ್ಡ್ ಇತ್ತು 🙂

ಆನೆಗುಂದಿ_ತೆಪ್ಪ:
ನಮ್ಮ ಕಡಿ ಕಥಿನೂ ಕೇಳ್ರಿ. ತುಂಗಭದ್ರಾದಾಗ ಹರಿಗೋಲು ಹಾಕೂ ಮನೆತನ ನಮ್ದು. ಮೊದಲ ಬಿದರಿನ ಬುಟ್ಟಿಗೆ ಚರ್ಮ ಹೊದಸ್ತಿದ್ರಂತ, ಈಗ ತಾಡಪಾಲು ಹಾಕಿ ಡಾಂಬರ್ ಬಳೀತೀವಿ. ಹರಿಗೋಲಿಗೆ ಹಿಂದ ಮುಂದ ಅಂತ ಇಲ್ಲ, ಹುಟ್ಟು ತಪ್ಪಿದ್ರ ಗಿರಗಿಟ್ಲಿ ತಿರಗ್ತದ, ಬಂಡಿ ನಡು ಸಿಕ್ಕೊಂಡ್ರ ಮುಗೀತು. ಹಂಪಿ ನೋಡಾಕ ಬಂದ ಮಂದಿ ಅದನ್ನ ಬೇಕಂತ ತಿರಗಿಸ್ರಿ ಅಂತಾರ, ವಿಡಿಯೋ ಬೇಕಂತ ಅವರಿಗೆ. ತಿರಗಿಸಿದ್ರ ಇನ್ನೂರು ರೂಪಾಯಿ ಜಾಸ್ತಿ ಕೊಡ್ತಾರ. ಬ್ಯಾಡ ಅಂದ್ರ ಪಕ್ಕದವನ ಹರಿಗೋಲಿಗೆ ಹೋಗ್ತಾರ.

ನಮಗ ತರಬೇತಿಗಿಂತ ಮೊದಲ ಸುದ್ದಿ ಬೇಕ್ರೀ. ಡ್ಯಾಮಿಂದ ಎಷ್ಟು ನೀರು ಬಿಡ್ತಾರ, ಯಾವಾಗ ಬಿಡ್ತಾರ ಅಂತ ಹೊಳಿಯಾಗ ಇರೂ ಮನಷಾಗ ಗೊತ್ತಾಗಬೇಕು. 2024ರ ಆಗಸ್ಟ್ 10ರ ರಾತ್ರಿ ಟಿಬಿ ಡ್ಯಾಮಿನ 19ನೇ ಗೇಟು ಕಿತ್ಕೊಂಡು ಹೋತಲ್ಲ, ಆವಾಗ ದಂಡಿ ಮ್ಯಾಗಿನ ನಾವು ರಾತ್ರೋರಾತ್ರಿ ಹರಿಗೋಲು ಹೊತ್ಕೊಂಡು ಮ್ಯಾಲೆ ಓಡೀವಿ. ಅದೇ ಹಗಲು ಮಂದಿ ತುಂಬಿಕೊಂಡು ನಡುಹೊಳಿಯಾಗ ಇದ್ದಿದ್ರ? ತರಬೇತಿ ಕೊಡ್ರಿ, ಬ್ಯಾಡ ಅನ್ನಂಗಿಲ್ಲ, ಆದ್ರ ಕಲ್ಸೂದು ಒಂದೇ ಕಡಿ ಆಗಬಾರದು, ಗೇಟು ತೆಗಿಯೂ ಆಫೀಸಿನವರೂ ನಮ್ಮ ಮೊಬೈಲಿಗೆ ಹೇಳೂದು ಕಲೀಬೇಕು.

ಬಂದರು_ಇಂಜಿನಿಯರ್:
ಬಹಳ ಸರಿಯಾದ ಮಾತು. ನಾವು ಇಂಜಿನ್ ಬೋಟ್ ಒಂದನ್ನೇ ಹಿಡ್ಕೊಂಡು ಮಾತಾಡ್ತಿದ್ದೆವು. ಹೊಸ ಕಾಯ್ದೆಯಲ್ಲಿ ಇಂಜಿನ್ ಇಲ್ಲದ ದೋಣಿಗಳಿಗೂ ಒಂದು ಅಧ್ಯಾಯ ಉಂಟು, ಅದರ ಜವಾಬ್ದಾರಿ ರಾಜ್ಯದ್ದು, ಸ್ಥಳೀಯ ಸಂಸ್ಥೆಗಳದ್ದು. ಹರಿಗೋಲಿನವರನ್ನು ಕೇಳದೆ ಅದನ್ನು ಮಾಡ್ಲಿಕ್ಕೆ ಹೋದ್ರೆ ಹಾಳಾಗ್ತದೆ.

ಮೈಸೂರ್_ಮಲ್ಲಿಗೆ:
ಎಲ್ಲರೂ ಬೋಟಿನವರ ಮೇಲೇ ಹೋಗ್ತಿದ್ದೀರಿ. ಪ್ರವಾಸಿಗರಿಗೆ ಬುದ್ಧಿ ಬೇಡ್ವಾ? ಜಾಕೆಟ್ ಕೊಟ್ರೆ ವಾಸನೆ ಬರುತ್ತೆ ಅಂತಾರೆ, ಫೋಟೋದಲ್ಲಿ ಸೀರೆ ಕಾಣಲ್ಲ ಅಂತ ಬಿಚ್ತಾರೆ, ಕುಡಿದು ಬರ್ತಾರೆ, ಅಂಚಿನಲ್ಲಿ ನಿಂತು ಸೆಲ್ಫಿ. ಮೊದ್ಲು ಜನಕ್ಕೆ ತರಬೇತಿ ಕೊಡಿ.

ಕಾಸರಗೋಡು_ಕನ್ನಡಿಗ:
ಜನಕ್ಕೆ ಬುದ್ಧಿ ಇಲ್ಲ ಅಂತ ಗೊತ್ತಿರುವುದಕ್ಕೇ ನಡೆಸುವವನಿಗೆ ತರಬೇತಿ ಬೇಕಾಗುವುದು ಮೇಡಂ. 2009ರ ಸೆಪ್ಟೆಂಬರ್ 30ಕ್ಕೆ ನಮ್ಮ ಕೇರಳದ ತೇಕಡಿಯಲ್ಲಿ ಆದದ್ದು ಅದೇ ಅಲ್ವಾ. ಎರಡು ಅಂತಸ್ತಿನ ಬೋಟು, ಪ್ರಾಣಿ ಕಾಣ್ತು ಅಂತ ಜನ ಒಂದೇ ಬದಿಗೆ ಸರಿದ್ರು, ಬೋಟು ಮಗುಚಿತು, 45 ಜನ ಹೋದ್ರು. ಕಾಡಿನ ಕೆರೆಯಲ್ಲಿ ಪ್ರಾಣಿ ಕಂಡರೆ ಜನ ಏಳ್ತಾರೆ ಅನ್ನುವುದು ಗೊತ್ತಿಲ್ಲದ ವಿಷಯವಾ? ಅದನ್ನು ನೋಡ್ಲಿಕ್ಕೇ ಬಂದದ್ದು ಅವರು. ಅದಕ್ಕೆ ತಕ್ಕ ಬೋಟು ಇರ್ಬೇಕು, ಹೊರಡುವ ಮೊದಲೇ ಹೇಳುವ ಮನುಷ್ಯ ಬೇಕು.

ಆದ್ರೆ ತರಬೇತಿಯೊಂದರಿಂದ ಎಲ್ಲ ಸರಿ ಆಗ್ತದೆ ಅಂತ ನಾನು ಹೇಳುವುದಿಲ್ಲ. 2023ರ ಮೇ 7ಕ್ಕೆ ತಾನೂರಿನಲ್ಲಿ 22 ಜನ ಸತ್ತರು, ಅದರಲ್ಲಿ ಮಕ್ಕಳು ಎಷ್ಟು! ಅದು ಮೀನಿನ ಬೋಟನ್ನು ಮಾರ್ಪಾಡು ಮಾಡಿ ಮೇಲೆ ಇನ್ನೊಂದು ಅಂತಸ್ತು ಕಟ್ಟಿದ್ದು, ಮಿತಿ ಮೀರಿ ಜನ, ಕತ್ತಲಾದ ಮೇಲೆ ಓಡಿಸಿದ್ದು. ಅಂಥ ಬೋಟಿಗೆ ಎಷ್ಟು ದೊಡ್ಡ ಮಾಸ್ಟರ್ ಬಂದು ನಿಂತರೂ ಏನು ಮಾಡ್ತಾನೆ? ಅದನ್ನು ನೀರಿಗೆ ಇಳಿಸ್ಲಿಕ್ಕೇ ಬಿಡಬಾರದಿತ್ತು. ನಮ್ಮ ಕೇರಳದಲ್ಲಿ 2002ರಲ್ಲಿ ಕುಮರಕೋಂ, ಆಮೇಲೆ ತೇಕಡಿ, ಆಮೇಲೆ ತಾನೂರು, ಪ್ರತಿ ಸಲ ನ್ಯಾಯಾಂಗ ಆಯೋಗ ಕೂತಿದೆ. ವರದಿ ಬರೆಯುವವರಿಗೇನೂ ಕೊರತೆ ಇಲ್ಲ.

ಮೈಸೂರ್_ಮಲ್ಲಿಗೆ:
ಸರಿ, ಒಪ್ತೀನಿ. ವಡೋದರದ ಹರಣಿ ಕೆರೆ ನೆನಪಾಯ್ತು, 2024ರ ಜನವರಿ. ಬೋಟ್ ಮಗುಚಿ 12 ಶಾಲಾ ಮಕ್ಕಳು, 2 ಟೀಚರ್ಸ್ ಹೋದ್ರು. ಆ ಮಕ್ಕಳಿಗೆ ಬುದ್ಧಿ ಇರ್ಬೇಕಿತ್ತು ಅಂತ ಯಾರೂ ಹೇಳಕ್ಕಾಗಲ್ಲ. ಮಾತು ವಾಪಸ್ ತಗೊಂಡೆ.

ಕಡಲತಡಿ_ಅಕ್ಕ:
ನಾನು ಜಾಸ್ತಿ ಬರೆಯುವವಳಲ್ಲ, ಇವತ್ತು ಬರೀತೇನೆ. ನನ್ನ ಗಂಡ ಪ್ರವಾಸಿ ಬೋಟಿನಲ್ಲಿ ಡ್ರೈವರ್. ಬೋಟ್ ಅವರದಲ್ಲ, ಧಣಿಯದು. ಮಳೆಗಾಲದಲ್ಲಿ ಕೆಲಸ ಇಲ್ಲ, ಮತ್ತೆ ಶುರುವಾದ ಮೇಲೆ ಶನಿವಾರ ಭಾನುವಾರವೇ ನಮಗೆ ಬೆಳೆ. ಅವರಿಗೆ ಎಷ್ಟು ಜನ ಹತ್ತಿಸಬೇಕು ಅಂತ ಗೊತ್ತಿಲ್ಲ ಅಂತ ನೀವೆಲ್ಲ ತಿಳ್ಕೊಂಡ ಹಾಗೆ ಕಾಣ್ತದೆ. ಗೊತ್ತುಂಟು. ಟಿಕೆಟ್ ಕೊಡುವವ ಬೇರೆ, ಹತ್ತಿಸುವವ ಬೇರೆ, ಇವರು ಸ್ಟೇರಿಂಗ್ ಹಿಡಿಯುವುದು ಮಾತ್ರ. ಒಮ್ಮೆ ಗಾಳಿ ಜೋರುಂಟು ನಾನು ಹೋಗುವುದಿಲ್ಲ ಅಂತ ಹೇಳಿದ್ರು. ಧಣಿ ಏನೂ ಬೈಲಿಲ್ಲ. ಮರುದಿನದಿಂದ ಹದಿನೈದು ದಿನ ಕರೀಲಿಲ್ಲ, ಅಷ್ಟೇ. ಮಗಳ ಫೀಸು ಕಟ್ಟುವ ತಿಂಗಳು ಅದು.

ತರಬೇತಿ ಕೊಡಿ, ನಾವು ಬರ್ತೇವೆ. ಮೂರು ದಿನ ಬಂದು ಕೂತರೆ ಆ ಮೂರು ದಿನದ ಸಂಬಳ ಯಾರು ಕೊಡ್ತಾರೆ? ಕಲಿತು ಬಂದ ಮೇಲೆ ಜನ ಜಾಸ್ತಿ ಆಯ್ತು ನಾನು ಬಿಡುವುದಿಲ್ಲ ಅಂತ ಹೇಳಿದರೆ ಕೆಲಸ ಉಳೀತದಾ? ಇದಕ್ಕೆ ಯಾರಾದ್ರೂ ಉತ್ತರ ಹೇಳಿ.

ಶರಾವತಿ_ಹಿನ್ನೀರು:
ಅಕ್ಕಾ, ನಾನು ಲಾಂಚಿನವರ ಬಗ್ಗೆ ಬರೆದಾಗ ಇದನ್ನೇ ಯೋಚಿಸ್ತಿದ್ದೆ. ನೀವು ಹೇಳಿದ್ಮೇಲೆ ಬೇರೆ ಯಾರೂ ಹೇಳೋದು ಉಳಿದಿಲ್ಲ.

ಬೆಂಗ್ಳೂರು_ಬೆಳಗು:
ಹಾಗಾದ್ರೆ ತರಬೇತಿ ಮಾಲೀಕರಿಗೂ, ಟಿಕೆಟ್ ಕೊಡೋರಿಗೂ ಬೇಕು. ದಂಡ ಬೀಳೋದು ಪರವಾನಗಿ ಯಾರ ಹೆಸರಲ್ಲಿದೆಯೋ ಅವರ ಮೇಲೆ. ಬಡ ಡ್ರೈವರ್ ಮೇಲೆ ಕೇಸ್ ಹಾಕಿ ಕೈ ತೊಳ್ಕೊಳ್ಳೋದು ನಿಲ್ಬೇಕು.

ಗಂಗೊಳ್ಳಿ_ಅಳಿವೆ:
ನಿನ್ನೆ ರಾತ್ರಿಯಿಂದ ಇದನ್ನೇ ಓದ್ತಾ ಇದ್ದೆ. ಮೊದ್ಲು ನಾ ಹೇಳಿದ್ದ್ ಪೂರ್ತಿ ಸರಿ ಅಲ್ಲ ಅಂತ ಕಾಣ್ತ್, ಅದ್ಕೆ ಮತ್ತೆ ಬರಿತಿದ್ದೆ.

ಕಡ್ಲ್ ಗೊತ್ತಿದ್ದವರಿಗೂ ಕಡ್ಲ್ ಬಿಡುದಿಲ್ಲೆ. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೋದ ಸುವರ್ಣ ತ್ರಿಭುಜ ಮೀನಿನ ಬೋಟ್, 7 ಜನ, ವಾಪಸ್ ಬರ್ಲೇ ಇಲ್ಲೆ. ಅವ್ರಿಗೆ ಕಡ್ಲ್ ಗೊತ್ತಿರ್ಲಿಲ್ಲ ಅಂತ ಯಾರೂ ಹೇಳುಕೆ ಸಾಧ್ಯ ಇಲ್ಲ. ತಿಂಗಳುಗಟ್ಲೆ ಕಾದ್ವು. ಮಹಾರಾಷ್ಟ್ರದ ಬದಿ ನೀರಿನಡಿಗೆ ಅವಶೇಷ ಸಿಕ್ತ್ ಅಂತ ಸುದ್ದಿ ಬಪ್ಪತ್ತಿಗೆ ಮುಂದಿನ ಮೇ ತಿಂಗ್ಳ್. ಅದಾದ ಮೇಲೆ ನಮ್ಮ ಬದಿ ಬೋಟಿನವರಿಗೆ ವಯರ್ಲೆಸ್ ಸರಿ ಇತ್ತಾ ಕಾಂಬ ಅಭ್ಯಾಸ ಜಾಸ್ತಿ ಆಯ್ತ್.

ಇನ್ನೊಂದ್ ವಿಷ್ಯ ಅಪ್ಪಯ್ಯನ ಹತ್ರ ಕೇಂಡೆ. ಅಪ್ಪಯ್ಯ, ನಿಮ್ಗೆ ಟೂರಿಸ್ಟ್ ಬೋಟ್ ಬಿಡುಕೆ ಆತ್ತಾ ಅಂತ. ಇಲ್ಲ ಅಂದ್ರ್. ಯಾಕೆ ಕೇಂಡ್ರೆ ಹೇಳ್ರ್, "ಮೀನ್ ತುಂಬ್ಸಿದ್ರೆ ಮಂಜುಗಡ್ಡೆ ಸಮೇತ ಅಡಿಯಲ್ಲಿ ಸುಮ್ನೆ ಕೂಕಂತ್ತ್. ಬೋಟ್ ಭಾರ ಆದಷ್ಟ್ ಗಟ್ಟಿ ನಿಲ್ತ್. ಜನ ಹಂಗಲ್ಲ, ಮೇಲೆ ನಿಂತ್ಕಂತ್ರ್, ಹೆದ್ರಿದ್ರೆ ಓಡ್ತ್ರ್, ಒಬ್ಬ ಎದ್ದ್ರೆ ಎಲ್ಲ ಏಳ್ತ್ರ್. ನಂಗೆ ನೀರ್ ಗೊತ್ತಿತ್, ಜನ ಗೊತ್ತಿಲ್ಲೆ." 50 ವರ್ಷ ಕಡ್ಲಿಗೆ ಹೋದವರ್ ಹೇಳಿದ್ ಇದ್. ಅಜ್ಜ ನಮ್ಗೆ ಕಲ್ಸಿದ್ದ್ ಮೀನ್ ಹಿಡುಕೆ, ಜನ ದಾಟ್ಸುಕೆ ಅಲ್ಲ. ಅದ್ ಬೇರೆಯೇ ಕೆಲ್ಸ. ಅದನ್ನ ಕಲಿಕ್, ನಾನೂ ಒಪ್ತೆ. ಆದ್ರೆ ನೀರಿನ ಪಾಠ ಮಾಡುದ್ ನಮ್ಮ ಹಿರಿಯರೇ ಆಯ್ಕ್.

ಹಾವೇರಿ_ಮಾಸ್ತರ್:
ಅಣ್ಣಾ ನಿಮ್ಮ ತಂದಿಯವರಿಗೆ ನನ್ನ ನಮಸ್ಕಾರ ಹೇಳ್ರಿ. ಈ ಮಾತು ನಾ ನಮ್ಮವ್ವಗ ಓದಿ ಹೇಳಿದೆ.

ಬಂದರು_ಇಂಜಿನಿಯರ್:
"ನೀರ್ ಗೊತ್ತಿತ್, ಜನ ಗೊತ್ತಿಲ್ಲೆ." ನಾವು ಹಡಗಿನ ಸಮತೋಲನ ಅಂತ ವರ್ಷಗಟ್ಲೆ ಓದುವುದರ ಸಾರ ಇದರಲ್ಲಿ ಉಂಟು. ಭಾರ ಕೆಳಗಿದ್ದರೆ ವಾಲಿದ ಬೋಟು ವಾಪಸ್ ಬರ್ತದೆ, ಭಾರ ಮೇಲೆ ಹೋದಷ್ಟೂ ವಾಪಸ್ ಬರುವ ಶಕ್ತಿ ಕಡಿಮೆ. ಎದ್ದು ನಿಲ್ಲುವ ಒಬ್ಬೊಬ್ಬ ಮನುಷ್ಯನೂ ಬೋಟಿನ ಭಾರವನ್ನು ಮೇಲಕ್ಕೆ ಎತ್ತುತ್ತಾನೆ.

ಪಠ್ಯ ಏನಿರಬೇಕು ಅಂತ ನನ್ನ ಅಂದಾಜು ಹೇಳ್ತೇನೆ. ಎರಡು ಮೂರು ದಿನ ಸಾಕು, ಪುಸ್ತಕ ಬೇಡ, ಎಲ್ಲ ದೋಣಿಯಲ್ಲೇ ನಿಂತು, ಕನ್ನಡದಲ್ಲಿ, ಬೇಕಾದ್ರೆ ತುಳು ಕೊಂಕಣಿಯಲ್ಲಿ. ತಲೆ ಎಣಿಸುವುದು, ಜಾಕೆಟ್ ತೊಡಿಸಿ ಪಟ್ಟಿ ಬಿಗಿಯುವುದು, ಹೊರಡುವ ಮೊದಲು ಒಂದು ನಿಮಿಷ ನಿಂತು ಜನಕ್ಕೆ ಹೇಳುವುದು, ಇದರಲ್ಲೇ ಒಂದು ದಿನ. ಯಾರಾದ್ರೂ ನೀರಿಗೆ ಬಿದ್ದರೆ ಕಣ್ಣು ತೆಗೆಯದೆ ಅವನ ಕಡೆ ಕೈ ತೋರಿಸ್ತಾ ಇರ್ಲಿಕ್ಕೆ ಒಬ್ಬನನ್ನು ನಿಲ್ಲಿಸ್ಬೇಕು, ಹತ್ತಿರ ಹೋದ ಕೂಡಲೇ ಇಂಜಿನ್ ಬಂದ್ ಮಾಡ್ಬೇಕು, ಫ್ಯಾನ್ ತಿರುಗ್ತಿರುವಾಗ ಮೇಲೆಳೆಯಬಾರದು. ಲಂಗರು ಬಿಡುವುದು ಹೇಳಿದೆ. ವಿಎಚ್‌ಎಫ್ ರೇಡಿಯೋ ಇದ್ದರೆ 16ನೇ ಚಾನೆಲ್‌ನಲ್ಲಿ ಕರೆಯುವುದು, ಫೋನ್ ಸಿಗ್ನಲ್ ಇದ್ದರೆ ಕೋಸ್ಟ್ ಗಾರ್ಡ್ 1554, ಕರಾವಳಿ ಪೊಲೀಸ್ 1093, ಈ ಎರಡು ನಂಬರ್ ಬೋಟಿನ ಒಳಗೆ ಬಣ್ಣದಲ್ಲಿ ಬರೆದಿರ್ಬೇಕು. ಪರೀಕ್ಷೆ ಬರೆಯುವುದಲ್ಲ, ಮಾಡಿ ತೋರಿಸುವುದು, ಆಗ ಆ ಸರ್ಟಿಫಿಕೇಟ್ ಮಾರುವುದೂ ಸುಲಭ ಅಲ್ಲ. ಕಲಿಸುವ ಸಂಸ್ಥೆಗಳೂ ಇವೆ, ಗೋವಾದಲ್ಲಿ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆ ಉಂಟು, ಒಳನಾಡು ಜಲಸಾರಿಗೆಯ ಕೋರ್ಸಿಗೆ ಪಟ್ನಾದಲ್ಲಿ ಒಂದು ಉಂಟು. ಆದ್ರೆ ಕುಮಟಾದ ಹುಡುಗ ಪಟ್ನಾಕ್ಕೆ ಹೋಗ್ತಾನಾ? ಬಂದರಿಗೇ ಬಂದು ಕಲಿಸ್ಬೇಕು.

ಕಾಸರಗೋಡು_ಕನ್ನಡಿಗ:
ಮುಂಬೈಯದ್ದನ್ನು ಸೇರಿಸಿ. 2024ರ ಡಿಸೆಂಬರ್ 18, ಎಲಿಫೆಂಟಾಕ್ಕೆ ಹೋಗುವ ಫೆರಿಗೆ ನೌಕಾಪಡೆಯ ಸ್ಪೀಡ್ ಬೋಟ್ ಬಂದು ಗುದ್ದಿತು, ಅದರ ಇಂಜಿನ್ ಪರೀಕ್ಷೆ ನಡೀತಿತ್ತು. ಫೆರಿಯ ಡ್ರೈವರ್ ಏನೂ ತಪ್ಪು ಮಾಡದಿದ್ದರೂ ಅಪಘಾತ ಬರಬಹುದು, ಅದಕ್ಕೇ ಜಾಕೆಟ್ ಹೊರಡುವ ಮೊದಲೇ ಮೈಮೇಲೆ ಇರ್ಬೇಕು, ಆಮೇಲೆ ತೆಗೆದುಕೊಳ್ಳುವ ಅಂತ ಇಟ್ಟರೆ ಮಾಸ್ಟ್ರು ಹೇಳಿದ ಹಾಗೆ ಗಂಟು ಬಿಚ್ಚುವುದಿಲ್ಲ.

ಆನೆಗುಂದಿ_ತೆಪ್ಪ:
ಜಾಕೆಟ್ ಇಲ್ದ ಹರಿಗೋಲು ಹತ್ತಬ್ಯಾಡ್ರಿ ಅಂತ ಮಂದಿನೂ ಗಟ್ಟಿ ಆಗಬೇಕು. ಹತ್ತು ಮಂದಿ ಹಿಂಗ ಕೇಳಿದ್ರ ನಾವೇ ಸಾಲಾ ಮಾಡಿ ತರ್ತೀವಿ.

ಹಾವೇರಿ_ಮಾಸ್ತರ್:
ನಾನು ಜಿಲ್ಲಾಧಿಕಾರಿಗಳಿಗೂ ಬಂದರು ಇಲಾಖೆಗೂ ಒಂದು ಅರ್ಜಿ ಬರೀಬೇಕಂತ ಮಾಡೀನಿ. ಕಡಲತಡಿ ಅಕ್ಕಾರು ಕೇಳಿದ ಎರಡು ಪ್ರಶ್ನಿನ ಅದರಾಗ ಮೊದಲ ಹಾಕ್ತೀನಿ: ತರಬೇತಿ ದಿನದ ಸಂಬಳ ಪರವಾನಗಿ ತಗೊಂಡ ಮಾಲಕ ಕೊಡಬೇಕು, ಹವಾ ಸರಿ ಇಲ್ಲ ಅಥವಾ ಮಂದಿ ಹೆಚ್ಚಾತು ಅಂತ ಡ್ರೈವರ್ ಬ್ಯಾಡ ಅಂದ್ರ ಅವನ ಮಾತೇ ಕೊನಿ ಮಾತು ಅಂತ ಪರವಾನಗಿಯೊಳಗ ಬರದಿರಬೇಕು. ಇಂಜಿನಿಯರ್ ಸಾಹೇಬ್ರ, ತಾಂತ್ರಿಕ ಭಾಗ ನೀವು ನೋಡಿ ಕೊಡ್ತೀರೇನು? ಗಂಗೊಳ್ಳಿ ಅಣ್ಣಾ, ಹಿರಿಯರು ಕಲಿಸಬೇಕಂತ ಹೇಳಿದ್ರಲ್ಲ, ನಿಮ್ಮ ತಂದಿಯವರು ಬರ್ತಾರೇನು ಕೇಳ್ರಿ.

ಬಂದರು_ಇಂಜಿನಿಯರ್:
ಖಂಡಿತ. ಭಾನುವಾರದ ಒಳಗೆ ಕಳಿಸ್ತೇನೆ.

ಕಡಲತಡಿ_ಅಕ್ಕ:
ಮಾಸ್ಟ್ರೆ, ನನ್ನ ಹೆಸರು ಹಾಕ್ಬೇಡಿ, ವಿಷಯ ಮಾತ್ರ ಹಾಕಿ. ಇವರಿಗೆ ತೋರಿಸಿದೆ, ಓದಿ ಸುಮ್ಮನೆ ಕೂತರು, ಆಮೇಲೆ ನಾನು ಮೊದಲ ದಿನವೇ ಹೋಗ್ತೇನೆ ಅಂತ ಹೇಳಿದರು.

ಗಂಗೊಳ್ಳಿ_ಅಳಿವೆ:
ಅಪ್ಪಯ್ಯನ ಹತ್ರ ಕೇಂಡೆ. ಬತ್ರಂತೆ, ಆದ್ರೆ ಜೂನ್ ಜುಲೈಯಲ್ಲಿ ಮಾಡಿ ಅಂದ್ರ್. ಜೂನ್ 1ರಿಂದ 61 ದಿನ ಯಾಂತ್ರೀಕೃತ ಬೋಟಿಗೆ ಮೀನುಗಾರಿಕೆ ನಿಷೇಧ, ಎಲ್ಲ ಬೋಟ್ ದಕ್ಕೆಯಲ್ಲೇ ಇರ್ತ್, ಟೂರಿಸ್ಟ್ ಬೋಟೂ ಬಂದ್. ಯಾರ ಸಂಬಳವೂ ಕಟ್ ಆತಿಲ್ಲೆ. ಕಡ್ಲಿಗೆ ಇಳಿಸುಕೆ ಆತಿಲ್ಲ ಆ ಟೈಮಲ್ಲಿ, ಹೊಳೆಯ ಒಳಗೆ, ಮಳೆ ಬಿಟ್ಟ ದಿನ ಮಾಡ್ಲಕ್ಕ್. ಮಳೆಗಾಲದ ಹೊಳೆಯಲ್ಲಿ ಬೋಟ್ ತಿರ್ಗ್ಸುಕೆ ಕಲ್ತವ ಎಲ್ಲಿಯೂ ತಿರ್ಗ್ಸ್ತಾ ಅಂತ ಹೇಳ್ರ್.

ಟೊರೊಂಟೊ_ಕನ್ನಡತಿ:
ಜೂನ್‌ನಲ್ಲಿ ನಾನು ಊರಿಗೆ ಬರ್ತಿದ್ದೀನಿ, ಕುಂದಾಪುರ ನನ್ನ ಅಜ್ಜಿ ಮನೆ. ಮಕ್ಕಳ ಸೈಜಿನ ಜಾಕೆಟ್ ಎಷ್ಟು ಬೇಕು ಹೇಳಿ, ನಾವು ಇಲ್ಲಿಯ ಕನ್ನಡಿಗರು ಸೇರಿ ಕೊಡಿಸ್ತೀವಿ. ಅಲ್ಲೇ ಎಲ್ಲಿ ಸಿಗುತ್ತೆ?

ಗಂಗೊಳ್ಳಿ_ಅಳಿವೆ:
ಬಂದರಿನ ಬದಿ ಬೋಟ್ ಸಾಮಾನಿನ ಅಂಗಡಿಯಲ್ಲಿ ದೊಡ್ಡವರ ಸೈಜ್ ಸಿಕ್ತ್. ಮಕ್ಕಳದ್ದ್ ಆರ್ಡರ್ ಕೊಡ್ಕ್. ನಾ ನಾಳೆ ಹೋಯಿ ಕೇಂಡ್ಕಂಡ್ ಬತ್ತೆ, ಬೆಲ್ಟಿಗೆ ಕಾಲಿನ ಮಧ್ಯದ ಪಟ್ಟಿ ಇಪ್ಪುದೇ ತರ್ಕ್, ಇಲ್ದಿದ್ರೆ ನೀರಿಗೆ ಬಿದ್ದ ಮಗು ಕೆಳಗೆ ಜಾರಿ ಜಾಕೆಟ್ ಮಾತ್ರ ಮೇಲೆ ತೇಲ್ತ್.